ಎರಡು ದಿಲ್ಲಿ, ಮೇಲೊಂದು ಕಾಲು

ಹಾಂಗ್‌ಕಾಂಗ್‌ನಿಂದ ಬೆಂಗಳೂರಿಗೆ ವಿಮಾನದಲ್ಲಿ ಎಷ್ಟು ತಾಸು ಎಂದು ಜನ ನನ್ನನ್ನು ಕೌಂಟರಿನ ಆಚೆ ನಿಂತು ಕೇಳುವುದು ವಾಡಿಕೆ. ಆ ಶುಕ್ರವಾರ ಮಾತ್ರ ಕಾಲರ್ ಹಿಡಿದು ಕೇಳಿದರು.

ಹೊಸಪೇಟೆ ಬಸ್ ನಿಲ್ದಾಣದ ಹತ್ತಿರದ ಟ್ರಾವೆಲ್ಸ್ ಆಫೀಸಿನಲ್ಲಿ ಆಗ ನನ್ನ ಕೆಲಸ. ಹಂಪಿಯಲ್ಲಿ ಬರಿಗಾಲಲ್ಲಿ ತಿರುಗುವ ಫಾರಿನ್ನಿನವರಿಗೆ ಗೋವಾ ಬಸ್ಸು, ಅದಿರಿನ ಸ್ಯಾಂಪಲ್ ಹೊತ್ತು ಚೀನಾಕ್ಕೆ ಹೋಗುವ ನಮ್ಮವರಿಗೆ ವಿಮಾನ, ಎರಡಕ್ಕೂ ಟಿಕೆಟ್ ಮಾಡಿಕೊಡುವವನು ನಾನೇ. ನಾನು ಸ್ವತಃ ವಿಮಾನ ನೋಡಿದ್ದು ಮಾತ್ರ ನಮ್ಮೂರು ಬುಕ್ಕಸಾಗರದ ಗದ್ದೆಯಲ್ಲಿ ಸೊಂಟಕ್ಕೆ ಕೈ ಕೊಟ್ಟು, ತಲೆ ಎತ್ತಿ. ಆದರೆ ವಿಮಾನ ನಿಲ್ದಾಣದಲ್ಲಿ ಕೂಗುವ ಹೆಂಗಸಿನ ದನಿಯನ್ನು, ಫೋನಿನಲ್ಲಿ ಕೇಳಿದಷ್ಟರಿಂದಲೇ, ಮೂರು ಭಾಷೆಯಲ್ಲಿ ತೆಗೆಯಬಲ್ಲೆ. ನಮ್ಮ ಮಾಲೀಕರ ದನಿ, ಅವರ ಹೆಂಡತಿಯ ಎದುರು ಅವರಿಗೇ ಬರುವ ಇನ್ನೊಂದು ದನಿ, ಎರಡೂ ಬರುತ್ತವೆ. ನನ್ನ ದನಿ ಯಾವುದು ಎಂದು ಕೇಳಿದರೆ ಮಾತ್ರ ಸ್ವಲ್ಪ ಹುಡುಕಬೇಕಾಗುತ್ತದೆ.

ಜೀಪಿನಲ್ಲಿ ಬಂದ ಇಬ್ಬರು ನನ್ನನ್ನು ಎತ್ತಿಕೊಂಡು ಹೋಗುವಾಗ ಮಾಲೀಕರು ಹಣೆಯ ನಾಮ ಬೆವರಿನಲ್ಲಿ ಇಳಿಯುತ್ತಿದ್ದಂತೆ ಎದ್ದು ನಿಂತರು. ಆಮೇಲೆ ಕೂತರು.

ಸಂಡೂರು ರಸ್ತೆಯ ಲಾರಿ ಗ್ಯಾರೇಜು. ಶಟರ್ ಅರ್ಧ ಇಳಿದಿತ್ತು. ಒಳಗೆ ಇಪ್ಪತ್ತಕ್ಕೂ ಹೆಚ್ಚು ಡ್ರೈವರುಗಳು, ಎಲ್ಲರ ರೆಪ್ಪೆಯ ಮೇಲೂ ಕೆಂಪು ಧೂಳು. ಕೆಟ್ಟು ನಿಂತ ಲಾರಿಯೊಂದರ ಹಿಂದಿನ ಗಾಲಿಗೆ, ತಾಡಪತ್ರಿ ಬಿಗಿಯುವ ಹಗ್ಗದಿಂದ ಒಬ್ಬನನ್ನು ಕಟ್ಟಿದ್ದರು. ಕೆಳದುಟಿ ಎರಡಾಗಿತ್ತು. ಒಂದು ಕಣ್ಣು ಮುಚ್ಚಿ ಬದನೆಕಾಯಿಯ ಬಣ್ಣಕ್ಕೆ ತಿರುಗಿತ್ತು. ಗುರುತು ಹತ್ತಲು ಸ್ವಲ್ಪ ಹೊತ್ತು ಹಿಡಿಯಿತು. ಕಂಪ್ಲಿಯ ಅಕ್ಕಿ ಗಿರಣಿ ಮನೆಯ ಮಗ, ಯಶವಂತನಗರದ ಕಡೆ ಲಾರಿಗೆ ಅದಿರು ತುಂಬಿಸುವ ಒಂದು ಲೋಡಿಂಗ್ ಪ್ಲಾಟಿನ ಸೂಪರ್‌ವೈಸರು. ಹಾಂಗ್‌ಕಾಂಗ್ ಟಿಕೆಟ್ ಅವನಿಗೆ ಮಾಡಿಕೊಟ್ಟವನು ನಾನೇ. ಮೂಗಿನಲ್ಲಿ ಮಾತಾಡುತ್ತಿದ್ದ, ಪ್ರತಿ ಮಾತಿನ ಕೊನೆಗೆ ಮರ್ಯಾದೆಯಿಂದ ‘ತಿಳೀತೇನ್ರಿ?’ ಎನ್ನುತ್ತಿದ್ದ. ಚಹಾದಂಗಡಿಯಲ್ಲಿ ನಾನು ತೆಗೆದು ತೋರಿಸುವ ದನಿಗಳಲ್ಲಿ ಅತಿ ಹೆಚ್ಚು ಚಹಾ ಗಿಟ್ಟಿಸಿಕೊಟ್ಟದ್ದು ಅವನದು.

ಎದುರಿಗೆ ಟೈರುಗಳ ಮೇಲೆ ಚೋರನೂರಿನ ಒಬ್ಬ ಡ್ರೈವರ್ ಹುಡುಗ ಕೂತಿದ್ದ. ವಯಸ್ಸು ನನ್ನಷ್ಟೇ. ಅವನ ಎಡಗೈಗೆ ಭುಜದಿಂದ ಬೆರಳ ತುದಿಯವರೆಗೆ ಪ್ಲಾಸ್ಟರ್.

ಅವರೆಲ್ಲ ಕಾಕಾ ಎಂದು ಕರೆಯುತ್ತಿದ್ದ ಹಿರಿಯ ಡ್ರೈವರ್ ನನಗೆ ವಿಷಯ ಹೇಳಿದ. ಊರಿನ ಲಾರಿಗಳಿಗೆ ಲೋಡು ಕೊಡದೆ ಹೊರಗಿನ ಲಾರಿಗಳಿಗೆ ಕೊಡುತ್ತಾರೆಂದು ಮಂಗಳವಾರ ಈ ಹುಡುಗ ಪ್ಲಾಟಿನ ಗೇಟಿಗೆ ತನ್ನ ಲಾರಿ ಅಡ್ಡ ನಿಲ್ಲಿಸಿದ್ದ. ಮಧ್ಯಾಹ್ನ ಎರಡಕ್ಕೆ ಯಾರೋ ಹಿಂದಿನಿಂದ ಬಂದು ಅವನ ತಲೆಗೆ ಗೋಣಿಚೀಲ ಹಾಕಿ, ಅದಿರಿನ ಗುಡ್ಡೆಯ ಹಿಂದೆ ಎಳೆದೊಯ್ದು, ಕಲ್ಲಿನ ಮೇಲೆ ಕೈಯಿಟ್ಟು, ಗಾಲಿ ಬಿಚ್ಚುವ ರಾಡಿನಿಂದ ಹೊಡೆದಿದ್ದರು. ಒಂದೇ ಕಡೆ, ಮತ್ತೆ ಮತ್ತೆ. ಚೀಲದೊಳಗಿದ್ದವನಿಗೆ ಒಂದು ಮುಖವೂ ಕಂಡಿಲ್ಲ. ಒಂದು ದನಿ ಮಾತ್ರ ಕೇಳಿದೆ.

“ಏನಂತಲೇ ಆ ದನಿ? ನೀನ ಹೇಳು,” ಎಂದ ಕಾಕಾ.

ಹುಡುಗ ನೆಲ ನೋಡುತ್ತ ಹೇಳಿದ: “ಗೇರ್ ಹಾಕೋ ಕೈ ಮುರೀರಿ. ತಿಳೀತೇನ್ರಿ?”

ಗಾಲಿಗೆ ಕಟ್ಟಿದ್ದವನು ಒದರಿದ: “ನಾ ಅವತ್ತ ಹಾಂಗ್‌ಕಾಂಗ್‌ನ್ಯಾಗ ಇದ್ದೆ! ಈ ಟ್ರಾವೆಲ್ಸ್ ಹುಡುಗನ್ನ ಕೇಳ್ರಿ! ಮುಂಜಾನೆ ಒಂಬತ್ತಕ್ಕ ಅಲ್ಲಿಂದನ ಅವಂಗ ಫೋನ್ ಹಚ್ಚೀನಿ!”

ನಿಜ. ಮಂಗಳವಾರ ಆಫೀಸಿನ ಬಾಗಿಲು ತೆಗೆಯುವಾಗಲೇ ಫೋನ್ ಬಂದಿತ್ತು. ಹೋಟೆಲಿನ ನಂಬರು. ಬರುವ ಟಿಕೆಟ್ ಅದೇ ರಾತ್ರಿಗೆ ಬದಲಿಸಿ ಎಂದಿದ್ದ. ಅದನ್ನೇ ಹೇಳಿದೆ. ಮುಗಿಯಿತು, ಮನೆಗೆ ಹೋಗಬಹುದು ಎಂದುಕೊಂಡೆ.

“ಒಂಬತ್ತಕ್ಕ ಅಲ್ಲಿದ್ದ. ಹೌದಪ್ಪ,” ಎಂದ ಕಾಕಾ, ಸೂಪರ್‌ವೈಸರನ ಜೇಬಿನಿಂದ ಕಿತ್ತ ಟಿಕೆಟ್ಟನ್ನು ನನ್ನ ಮುಖದ ಮುಂದೆ ಹಿಡಿದು. “ಇಲ್ಲಿ ನೋಡು. ಅಲ್ಲಿ ಬಿಡೋದು ರಾತ್ರಿ ಎಂಟೂವರೆ. ಬೆಂಗಳೂರು ಮುಟ್ಟೋದು ಹನ್ನೊಂದೂ ಮುಕ್ಕಾಲು. ಮೂರೂ ಕಾಲು ತಾಸು. ಒಂಬತ್ತೂವರಿಗೆ ವಿಮಾನ ಎದ್ರ ಹನ್ನೆರಡೂ ಮುಕ್ಕಾಲಿಗೆ ಬೆಂಗಳೂರು. ಅಲ್ಲಿಂದ ಹೆಲಿಕಾಪ್ಟರ್. ಒಂದು ತಾಸು. ಎರಡಕ್ಕ ಬಂದು ಕೈ ಮುರದಾನ.”

ಲೆಕ್ಕ ಎಷ್ಟು ಚೊಕ್ಕವಾಗಿತ್ತೆಂದರೆ ನಾನೇ ಒಂದು ಕ್ಷಣ ನಂಬಿದೆ. ನಮ್ಮ ಕಡೆ ಆಗ ಹೆಲಿಕಾಪ್ಟರ್ ಎಂದರೆ ಯಾರೂ ತಲೆ ಕೂಡ ಎತ್ತುತ್ತಿರಲಿಲ್ಲ. ಗಣಿ ಮಾಲೀಕರು ಮದುವೆಗೂ ಅದರಲ್ಲೇ ಬಂದು ಇಳಿಯುತ್ತಿದ್ದ ಕಾಲ.

“ಕಾಕಾ, ಅವು ಬ್ಯಾರೆ ಬ್ಯಾರೆ ಗಡಿಯಾರದ ಟೈಮು,” ಎಂದೆ. “ಬಿಡೋ ಟೈಮು ಅಲ್ಲೀದು, ಮುಟ್ಟೋ ಟೈಮು ಇಲ್ಲೀದು. ಅವರ ಗಡಿಯಾರ ನಮ್ಮದಕಿಂತ ಎರಡೂವರೆ ತಾಸು ಮುಂದ ಇರ್ತೈತಿ. ಅದನ್ನ ಕೂಡಿಸಿದ್ರ ಐದೂ ಮುಕ್ಕಾಲು ತಾಸು.”

“ಸೂರ್ಯಾ ಒಬ್ಬನ. ಗಡಿಯಾರ ಎರಡು ಹೆಂಗಲೇ?” ಹಿಂದಿನಿಂದ ಯಾರೋ ಅಂದರು.

“ಅದಕ್ಕಿಂತ, ಆ ಕಡಿಂದ ದಿನಕ್ಕ ಒಂದ ವಿಮಾನ. ರಾತ್ರಿ. ಮುಂಜಾನೆ ಇಲ್ಲಽ ಇಲ್ಲ.”

“ರೊಕ್ಕ ಇದ್ದವರಿಗೆ ಹೆಲಿಕಾಪ್ಟರ್ ಐತಿ, ವಿಮಾನ ಇರಂಗಿಲ್ಲೇನು?”

ಆಗ ನನ್ನ ಬಾಯಿ ಅದರ ಹಳೇ ಚಾಳಿ ತೋರಿಸಿತು. ವಿಮಾನ ನಿಲ್ದಾಣದ ಹೆಂಗಸಿನ ದನಿಯಲ್ಲಿ, “ಪ್ರಯಾಣಿಕರ ಗಮನಕ್ಕೆ, ಯಶವಂತನಗರಕ್ಕೆ ಹೋಗುವ ಸ್ಪೆಷಲ್ ವಿಮಾನ...” ಎಂದೆ. ನಗು ಬಂದರೆ ಸಿಟ್ಟು ಇಳಿಯುತ್ತದೆ ಎಂದು ನನ್ನ ಲೆಕ್ಕ. ಕಪಾಳಕ್ಕೆ ಬಿದ್ದ ಏಟಿಗೆ ಬಲಕಿವಿಯಲ್ಲಿ ಸಿಳ್ಳೆ ಎದ್ದು, ಸಂಜೆಯವರೆಗೆ ನಿಲ್ಲಲಿಲ್ಲ.

“ನೀ ಎಲ್ಲಾರ ದನಿ ತೆಗೀತಿಯಂತ. ಮಂಗಳವಾರ ನೀನೂ ಅಲ್ಲೇ ಇದ್ದೇನಲೇ?” ಎಂದ ಕಾಕಾ. ತಮಾಷೆಗಲ್ಲ. ನಾಲಗೆಗೆ ರಕ್ತದ ರುಚಿ ಹತ್ತಿತು. ದಿನವಿಡೀ ಆಫೀಸಿನಲ್ಲಿದ್ದೆ, ಮಾಲೀಕರನ್ನು ಕೇಳಿ ಎಂದೆ. ನಂಬಿದಂತೆ ಕಾಣಿಸಿತು. ಆದರೆ ಕಾಕಾ ಅಲ್ಲೊಂದು ಕಾಯ್ದೆ ಮಾಡಿದ. “ಇನ್ನ ಮ್ಯಾಲ ನಿನಗ ಹೊಡಿಯಂಗಿಲ್ಲ. ನಿನ್ನ ಮಾತು ನಮಗ ತಿಳೀಲಿಲ್ಲಂದ್ರ ಅವನಿಗೆ ಬೀಳ್ತೈತಿ.”

ಹೇಳಿ ಮುಗಿಸುವ ಮೊದಲೇ ಒಬ್ಬ ಸೂಪರ್‌ವೈಸರನ ಪಕ್ಕೆಗೆ ಒದ್ದ. ಗಡಿಯಾರದ ಲೆಕ್ಕ ತಿಳಿಯದ್ದಕ್ಕೆ ಅದು. ಮೂಗಿನ ದನಿಯಿಂದ ಅಂಥ ಸದ್ದು ಬರಬಹುದೆಂದು ನನಗೆ ಗೊತ್ತಿರಲಿಲ್ಲ.

ಆಫೀಸಿನ ಗ್ಲೋಬ್ ತರಿಸಿ ಎಂದೆ. ಒಬ್ಬ ಮೋಟರ್‌ಸೈಕಲ್ ಹತ್ತಿ ಹೋಗಿ, ಟವೆಲ್ಲಿನಲ್ಲಿ ಸುತ್ತಿದ ಗ್ಲೋಬ್ ತಂದ. “ನಿಮ್ಮ ಓನರು ಇದು ಹುಷಾರಾಗಿ ವಾಪಸ್ ಬರಲಿ ಅಂದ್ರು.”

“ನನ್ನ ಬಗ್ಗೆ?”

“ಏನೂ ಅನ್ನಲಿಲ್ಲ.”

ಆ ಹೊತ್ತಿಗೆ ಬಾನೆಟ್ ಮೇಲಿಟ್ಟಿದ್ದ ಸೂಪರ್‌ವೈಸರನ ಮೊಬೈಲ್ ಗುರ್ರೆಂದು ಜರುಗಿತು. ‘ಲೋಡಿಂಗ್’ ಎಂಬ ಹೆಸರು. ಬೆಳಗಿನಿಂದ ಅದೇ ಹೆಸರು ಹೊಡೆದುಕೊಳ್ಳುತ್ತಿತ್ತಂತೆ. ಪ್ಲಾಟಿನ ಮಂದಿ ಹುಡುಕುತ್ತಿರಬೇಕು ಎಂದ ಕಾಕಾ. ಯಾರೂ ಎತ್ತಲಿಲ್ಲ. ಅದು ಗುರುಗುಟ್ಟಿ ಸುಮ್ಮನಾಯಿತು.

ಗ್ಲೋಬಿನ ಕೆಲಸ ಹೀಗೆ. ಗೋಡೆಯ ನಕಾಶೆಯಲ್ಲಿ ದೂರ ಅಳೆದರೆ ಅದು ಮೋಸ ಮಾಡುತ್ತದೆ, ಏಕೆಂದರೆ ಉಂಡೆಯಾಗಿರುವುದನ್ನು ಚಪ್ಪಟೆ ಮಾಡಿದ್ದಾರೆ. ಗ್ಲೋಬಿನ ಮೇಲೆ ಎರಡು ಊರಿಗೆ ದಾರ ಇಟ್ಟು ಬಿಗಿಯಾಗಿ ಎಳೆದರೆ ಅತಿ ಹತ್ತಿರದ ದಾರಿಯನ್ನು ದಾರವೇ ಹುಡುಕಿಕೊಳ್ಳುತ್ತದೆ. ವಿಮಾನ ಹೆಚ್ಚುಕಡಿಮೆ ಅದೇ ದಾರಿ ಹಿಡಿಯುತ್ತದೆ. ತಾಡಪತ್ರಿ ಹೊಲಿಯುವ ದಾರ ಕೇಳಿ ತೆಗೆದುಕೊಂಡೆ. ಭೂಮಿಯ ಹೊಟ್ಟೆಯ ಸುತ್ತ ದಾರ ಸುತ್ತಿ, ಇದು ನಲವತ್ತು ಸಾವಿರ ಕಿಲೋಮೀಟರ್ ಎಂದೆ. ಹತ್ತು ಪದರ ಮಡಚಿ, ಒಂದು ಪದರವನ್ನು ಬೆಂಗಳೂರಿನ ಮೇಲಿಟ್ಟು ಎಳೆದೆ. ತುದಿ ಹೋಗಿ ಹಾಂಗ್‌ಕಾಂಗ್‌ನಲ್ಲಿ ಕೂತಿತು. ನಾಲ್ಕು ಸಾವಿರ. ನನಗೇ ಖುಷಿಯಾಯಿತು.

“ನಲವತ್ತು ಸಾವಿರ ಅಂತ ಯಾರು ಟೇಪ್ ಹಿಡದಿದ್ರು?” ಎಂದ ಕಾಕಾ.

ಉತ್ತರ ಹುಡುಕುವಷ್ಟರಲ್ಲಿ ಇನ್ನೊಂದು ಒದೆ ಬಿತ್ತು. ಸೂಪರ್‌ವೈಸರ್ ಕೆಮ್ಮಿದ. ಅಂಗಿಯ ಮೇಲೆ ಹಲ್ಲಿನ ಚೂರೊಂದು ಬಿತ್ತು. ಅವನು ಉಳಿದ ಒಂದು ಕಣ್ಣಿನಲ್ಲಿ ನನ್ನನ್ನೇ ನೋಡುತ್ತಿದ್ದ. ನನ್ನ ಜೀವಮಾನದಲ್ಲಿ ಯಾರೂ ನನ್ನ ಮಾತನ್ನು ಅಷ್ಟು ಲಕ್ಷ್ಯವಿಟ್ಟು ಕೇಳಿರಲಿಲ್ಲ.

ಬೆವರು ಒರೆಸಿಕೊಂಡೆ. ಪುಸ್ತಕದ ಅಂಕಿ ಹೇಳಿದಷ್ಟೂ ಅವನ ಹಲ್ಲು ಬೀಳುತ್ತದೆ. ಈ ಮಂದಿ ಕಿಲೋಮೀಟರ್ ನಂಬುವವರಲ್ಲ. ಅದಿರು ಇಳಿಸುವ ಬೇಲೆಕೇರಿ ಬಂದರಿಗೆ ಎಷ್ಟು ದೂರ ಎಂದರೆ ‘ಘಾಟಿನಾಗ ಲಾರಿ ಪಾಳಿ ಇಲ್ಲಂದ್ರ ಒಂದು ರಾತ್ರಿ’ ಎನ್ನುವವರು. ತಾವು ಓಡಿಸಿದ ದಾರಿಯೊಂದೇ ಅವರ ಅಳತೆ. ಹಾಗಾದರೆ ಅವರ ಅಳತೆಯಲ್ಲೇ ಅಳೆಯಬೇಕು.

“ಕಾಕಾ, ನೀವು ದಿಲ್ಲಿಗೆ ಲೋಡ್ ಒಯ್ದೀರಿ?”

“ಹತ್ತು ಸಲ.”

“ವಿಮಾನದಾಗ ಬೆಂಗಳೂರಿಂದ ದಿಲ್ಲಿಗೆ ಎಷ್ಟು ತಾಸು ಅಂತ ಕೇಳೀರಿ?”

“ನಮ್ಮ ಓನರ್ ವಾರಕ್ಕೊಮ್ಮೆ ಹೋಗ್ತಾನ. ಎರಡೂವರೆ ತಾಸು. ಅಲ್ಲಿ ಇಳದು ಫೋನ್ ಹಚ್ಚಿ ಡೀಸೆಲ್ ಎಷ್ಟು ಹಾಕ್ಸಿದಿ ಅಂತ ಬೈತಾನ.”

“ಈ ದಾರ ನೀವ ಹಿಡೀರಿ.”

ಕಾಕಾನ ಬೆರಳುಗಳು ಗ್ಲೋಬಿನ ಮೇಲೆ ಬಂದವು. ಒಂದು ತುದಿ ಬೆಂಗಳೂರು, ಒಂದು ತುದಿ ದಿಲ್ಲಿ. ಎರಡು ಬೆರಳಗಲ ಬಂದ ದಾರವನ್ನು ಕತ್ತರಿಸಿಕೊಟ್ಟೆ. “ಇದು ಒಂದು ದಿಲ್ಲಿ. ಈಗ ಇದನ್ನ ಹಾಂಗ್‌ಕಾಂಗ್ ಕಡೆ ಹೊಳ್ಳಿಸ್ರಿ.”

ಗ್ಯಾರೇಜಿನ ಎಲ್ಲರೂ ಬಗ್ಗಿದರು. ಬೆವರು, ಡೀಸೆಲ್, ಬೀಡಿಯ ವಾಸನೆಯ ನಡುವೆ ಕಾಕಾ ಒಂದು ದಿಲ್ಲಿ ಇಟ್ಟ. ದಾರ ಬಂಗಾಳದ ಕೊಲ್ಲಿ ದಾಟಿ ಮುಗಿಯಿತು. ಉಗುರಿನಿಂದ ಗುರುತು ಹಾಕಿ ಮತ್ತೊಂದು ದಿಲ್ಲಿ ಇಟ್ಟ. ಆಗಲೂ ಹಾಂಗ್‌ಕಾಂಗ್ ಬರಲಿಲ್ಲ. ಉಳಿದದ್ದು ದಾರದ ಕಾಲು ಭಾಗ.

“ಎರಡು ದಿಲ್ಲಿ, ಮ್ಯಾಲ ಕಾಲು,” ಎಂದ ಕಾಕಾ ನಿಧಾನವಾಗಿ.

“ಒಂದು ದಿಲ್ಲಿಗೆ ಎರಡೂವರೆ. ಎರಡಕ್ಕ ಐದು. ಕಾಲಿಗೆ ಅರ್ಧ ತಾಸಿನ ಮ್ಯಾಲ. ಏರೋದು, ಇಳಿಯೋದು ಒಂದ ಸಲ, ಹಂಗಾಗಿ ಒಂಚೂರು ಕಳೀತೈತಿ. ಆದ್ರ ಆ ಕಡಿಂದ ಈ ಕಡೆ ಬರೋವಾಗ ಎದುರುಗಾಳಿ, ಅದು ತಿರುಗಿ ತಿಂತೈತಿ. ಐದೂ ಮುಕ್ಕಾಲು. ಸ್ವಂತ ವಿಮಾನ ಇದ್ರೂ ಅಷ್ಟ. ಒಂಬತ್ತೂವರಿಗೆ ಎದ್ರ ಬೆಂಗಳೂರು ಮುಟ್ಟೋದು ಮೂರೂ ಕಾಲು. ಹೆಲಿಕಾಪ್ಟರ್ ಸೇರಿ ನಾಲ್ಕು ದಾಟತೈತಿ. ಕೈ ಮುರದಿದ್ದು ಎರಡಕ್ಕ.”

ಕಾಕಾ ದಾರದ ತುಂಡನ್ನು ಇನ್ನೊಮ್ಮೆ ಇಟ್ಟು ನೋಡಿದ. ಇನ್ನೊಬ್ಬ ಬಂದು ಇಟ್ಟು ನೋಡಿದ. ದಾರ ಯಾರ ಪಕ್ಷವೂ ಅಲ್ಲ, ಎಲ್ಲರ ಕೈಯಲ್ಲೂ ಅಷ್ಟೇ ಬಂತು.

“ಬಿಚ್ಚರಲೇ,” ಎಂದ ಕಾಕಾ. ಅಷ್ಟು ಹೊತ್ತು ಕಂಕುಳಲ್ಲಿ ಒತ್ತಿಕೊಂಡಿದ್ದ ಗಾಲಿ ಬಿಚ್ಚುವ ರಾಡನ್ನು ಕೆಳಗಿಟ್ಟ.

ಹಗ್ಗ ಬಿಚ್ಚುವಾಗ ಸೂಪರ್‌ವೈಸರ್ ನನ್ನ ಅಂಗಿ ಹಿಡಿದುಕೊಂಡು, “ಉಳಿಸಿದಿ ತಮ್ಮಾ,” ಎಂದ. ನಾನು ಗ್ಲೋಬಿಗೆ ಟವೆಲ್ ಸುತ್ತತೊಡಗಿದೆ. ಮಾಲೀಕರಿಗೆ ಹೇಳಬೇಕಾದ ಕಥೆಯನ್ನು ಮನಸ್ಸಿನಲ್ಲೇ ದನಿಗಳ ಸಮೇತ ಜೋಡಿಸುತ್ತಿದ್ದೆ.

ಟೈರಿನ ಮೇಲಿನ ಹುಡುಗ ಆಗ ಬಾಯಿ ತೆರೆದ.

“ಅಣ್ಣಾ, ಫೋನಿಗೆ ಎಷ್ಟು ತಾಸು ಹಿಡೀತೈತಿ?”

ನನ್ನ ಕೈ ನಿಂತಿತು.

“ಅಲ್ಲಿಂದ ಇಲ್ಲಿಗೆ,” ಎಂದ ಅವನು. “ಆ ದನಿ ಇವಂದ. ಅದರಾಗ ಸುಳ್ಳಿಲ್ಲ. ಆದ್ರ ಮನಷ್ಯಾ ಹತ್ತರ ನಿಂತು ಮಾತಾಡಿದಂಗ ಇರಲಿಲ್ಲ. ಹೆಂಗ ಹೇಳಬೇಕೋ ಗೊತ್ತಾಗವಲ್ದು.”

ಹೆಂಗ ಹೇಳಬೇಕೋ ನನಗೆ ಗೊತ್ತಿತ್ತು. ಅದೇ ನನ್ನ ಕಸುಬು. ಆಗ ಊರ ತುಂಬ ಚೀನಾ ಸೆಟ್ ಮೊಬೈಲುಗಳು ಬಂದಿದ್ದವು. ಅಂಗೈಯಷ್ಟು ಫೋನು, ಮೈಕಿನಷ್ಟು ಸ್ಪೀಕರು. ಗೋಣಿಚೀಲದ ಪಕ್ಕ ಅಂಥದೊಂದನ್ನು ಹಿಡಿದರೆ ದನಿ ಹೇಗೆ ಕೇಳುತ್ತದೆ ಎಂಬುದು ನನ್ನ ಗಂಟಲಿಗೆ ಆಗಲೇ ಬಂದುಬಿಟ್ಟಿತ್ತು. ಬಾಯಿ ಮುಚ್ಚಿಕೊಂಡಿದ್ದರೆ ಒಬ್ಬ ಮನುಷ್ಯ ಎರಡು ಕೈ ಸಮೇತ ಕಂಪ್ಲಿಗೆ ಹೋಗುತ್ತಾನೆ. ಬಾಯಿ ಬಿಟ್ಟರೆ ರಾಡ್ ಅಲ್ಲೇ ನೆಲದ ಮೇಲಿದೆ. ಸೂಪರ್‌ವೈಸರ್ ನನ್ನ ಮುಖ ನೋಡಿ, ತಲೆಯನ್ನು ಕಾಣದಷ್ಟು ಸಣ್ಣಗೆ ಅಡ್ಡ ಆಡಿಸಿದ. ತಪ್ಪು ಮಾಡದವನು ಹಾಗೆ ಆಡಿಸುವುದಿಲ್ಲ.

ಮೂಲೆಯಲ್ಲಿದ್ದ ಖಾಲಿ ಗ್ರೀಸ್ ಡಬ್ಬಿ ತೆಗೆದುಕೊಂಡೆ. “ಕಣ್ಣು ಮುಚ್ಚು,” ಎಂದೆ ಹುಡುಗನಿಗೆ. ಮೊದಲು ಬರೀ ಬಾಯಲ್ಲಿ, ಮೂಗಿನಿಂದ: “ಗೇರ್ ಹಾಕೋ ಕೈ ಮುರೀರಿ. ತಿಳೀತೇನ್ರಿ?”

“ಹಂಗಲ್ಲ,” ಎಂದ.

ಡಬ್ಬಿಯೊಳಗೆ ಬಾಯಿಟ್ಟು, ಅದೇ ಮಾತು.

ಹುಡುಗ ಪ್ಲಾಸ್ಟರ್ ಕೈಯನ್ನು ಎದೆಗೆ ಎಳೆದುಕೊಂಡು ಟೈರಿನಿಂದ ಹಿಂದಕ್ಕೆ ಬಿದ್ದ. ಅವನ ಪ್ಯಾಂಟು ಒದ್ದೆಯಾಯಿತು.

“ಸುಳ್ಳು! ದನಿ ತೆಗೆಯೋ ಕೋಡಂಗಿ ಮಾತು ಕೇಳ್ತೀರೇನು?” ಎಂದು ಸೂಪರ್‌ವೈಸರ್ ಕಿರುಚಿದ. ನನ್ನನ್ನು ಅಷ್ಟು ಸರಿಯಾಗಿ ಯಾರೂ ವರ್ಣಿಸಿಲ್ಲ. ಬಾನೆಟ್ ಮೇಲೆ ಮೊಬೈಲ್ ಮತ್ತೆ ಗುರ್ರೆಂದಿತು. ‘ಲೋಡಿಂಗ್’. ಕಾಕಾ ನನ್ನ ಕಡೆ ನೋಡಿದ. ಫೋನನ್ನು ನನ್ನ ಕಡೆ ಸರಿಸಿದ. ಇಬ್ಬರು ಸೂಪರ್‌ವೈಸರನ ಬಾಯಿಗೆ ಎಣ್ಣೆ ಒರೆಸುವ ಕಾಟನ್ ವೇಸ್ಟ್ ತುರುಕಿ ಅದುಮಿ ಹಿಡಿದರು. ನಾನು ಗುಂಡಿ ಒತ್ತಿ, ಸ್ಪೀಕರ್ ಹಾಕಿ, ಅವನ ಮೂಗನ್ನು ನನ್ನ ಮೂಗಿಗೆ ತಂದುಕೊಂಡೆ.

“ಹಾಂ, ಹೇಳ್ರಿ.”

“ಸಾರ್, ಎಲ್ಲಿದ್ದೀರಿ? ಮುಂಜಾನಿಂದ ಹಚ್ಚಾಕತ್ತೀವಿ,” ಎಂದಿತು ಆಚೆಯ ದನಿ, ಊಟಕ್ಕೆ ಕರೆಯುವಷ್ಟು ಹಗುರವಾಗಿ. “ಆ ಚೋರನೂರಿನವ ದವಾಖಾನಿಂದ ಹೊರಗ ಬಂದಾನ. ಇನ್ನೊಂದು ಕೈಗೆ ನೀವ ಬರ್ತೀರೋ, ಹೋದ ಸಲದಂಗ ಫೋನ್ನ್ಯಾಗ ಹೇಳ್ತೀರೋ?”

ಅದೇ ಮೂಗಿನಲ್ಲಿ ಹೇಳಿದೆ: “ಆಮ್ಯಾಲ ಹೇಳ್ತೀನಿ. ತಿಳೀತೇನ್ರಿ?”

“ತಿಳೀತ್ರಿ ಸಾರ್.”

ಫೋನ್ ಇಟ್ಟ ಮೇಲೆ ನಡೆದದ್ದು ಬಹಳ ಬೇಗ ನಡೆಯಿತು. ಬೂಟುಗಳು, ಮೊಣಕಾಲುಗಳು, ಚಪ್ಪಲಿಗಳು. ಸೂಪರ್‌ವೈಸರ್ ಉಂಡೆಯಾಗಿ ಬಿದ್ದ. ಅವನ ತಲೆ ಲಾರಿಯ ಗಾಲಿಯ ನಟ್ಟುಗಳಿಗೆ ಬಡಿಯಿತು. ಇಬ್ಬರು ಅವನ ಬಲಗೈ ಎಳೆದು ಕಬ್ಬಿಣದ ಬ್ರೇಕ್ ಡ್ರಮ್ಮಿನ ಮೇಲಿಟ್ಟು ತುಳಿದು ಹಿಡಿದರು. ಕಾಕಾ ರಾಡ್ ಎತ್ತಿಕೊಂಡು ಕೇಳಿದ: “ಫೋನ್ ಹಿಡಿಯೋ ಕೈ ಇದ ಹೌದಲ್ಲಲೇ?”

ನನಗೆ ಧೈರ್ಯವಿರಲಿಲ್ಲ, ದಯೆಯೂ ಇರಲಿಲ್ಲ. ಇದ್ದದ್ದು ಒಂದೇ ಹೆದರಿಕೆ. ಒಮ್ಮೆ ಕಿವಿಗೆ ಬಿದ್ದ ಸದ್ದು ನನ್ನ ಗಂಟಲಿನಿಂದ ಇಳಿದು ಹೋಗುವುದಿಲ್ಲ. ಮೂಳೆ ಮುರಿಯುವ ಸದ್ದು ಒಳಗೆ ಬಂದರೆ ಅದನ್ನು ಎಲ್ಲಿ ಇಟ್ಟುಕೊಳ್ಳಲಿ? ಎಂದೋ ಒಂದು ದಿನ ಚಹಾದಂಗಡಿಯಲ್ಲಿ ಅದನ್ನೂ ತೆಗೆದು ತೋರಿಸಿಬಿಟ್ಟರೆ? ಕೈಗೆ ಸಿಕ್ಕಿದ್ದು ಗ್ಲೋಬ್. ಅದನ್ನೇ ಅವನ ಕೈಯ ಮೇಲೆ ಒಡ್ಡಿದೆ.

ರಾಡ್ ಗ್ಲೋಬಿನ ಮೇಲೆ ಬಿತ್ತು. ತಗಡು ಒಳಗೆ ಕುಸಿಯಿತು. ನನ್ನ ಎಡಗೈಯ ಕಿರುಬೆರಳು ಅದರ ಕೆಳಗೆ ಸಿಕ್ಕಿ, ಯಾವ ಬೆರಳೂ ತಿರುಗಬಾರದ ಕಡೆಗೆ ತಿರುಗಿತು. ಆ ಸದ್ದು ನನ್ನದೇ. ಅದನ್ನು ಇಟ್ಟುಕೊಳ್ಳಬಹುದು.

“ಸರಿಯಲೇ ಕೋಡಂಗಿ!” ಕಾಕಾ ಮತ್ತೆ ರಾಡ್ ಎತ್ತಿದ.

“ಕಾಕಾ, ಬ್ಯಾಡ.”

ಚೋರನೂರಿನ ಹುಡುಗ ಎದ್ದು ನಿಂತಿದ್ದ. ಒದ್ದೆ ಪ್ಯಾಂಟಿನಲ್ಲೇ ನಡೆದು ಬಂದು, ಬ್ರೇಕ್ ಡ್ರಮ್ಮಿನ ಮೇಲಿದ್ದ ಆ ಕೈಯನ್ನು ನೋಡಿದ. ಉಂಗುರವಿದ್ದ, ಮೆತ್ತಗಿನ ಕೈ.

“ಇದನ್ನ ಮುರದು ಏನ್ ಮಾಡ್ತೀರಿ? ಇದೇನು ಗೇರ್ ಹಾಕ್ತೈತೇನು?” ಎಂದ. “ನನ್ನ ಕೈ ಮುರದಿದ್ದು ಇವನ ಬಾಯಿ. ಅದನ್ನ ಒಡೀಬ್ಯಾಡ್ರಿ. ಠಾಣೆದಾಗ ಅದು ಮಾತಾಡಬೇಕು. ಅವತ್ತ ಹೇಳಿದಂಗ ಹೇಳಬೇಕು. ಆ ಫೋನೂ, ಈ ಅಣ್ಣನೂ ಜೊತಿಗಿ ಬರಲಿ.”

ಕಾಕಾನ ಕೈ ಮೇಲೇ ನಿಂತಿತ್ತು. ಇಳಿಯಲು ಬಹಳ ಹೊತ್ತು ಹಿಡಿಯಿತು. ಇಳಿದಾಗ ರಾಡ್ ನೆಲಕ್ಕೆ ಬಿತ್ತು, ಕೈಗಳ ಮೇಲಲ್ಲ.

ಹೊರಗೆ ನಿಂತಿದ್ದ ಲಾರಿಯ ಕ್ಯಾಬಿನ್ನಿನಲ್ಲಿ ಹಿಂದಿನ ಹಲಗೆಯ ಮೇಲೆ ಇಬ್ಬರ ನಡುವೆ ಸೂಪರ್‌ವೈಸರ್ ಕೂತ. ಸ್ಟೇರಿಂಗಿಗೆ ಕಾಕಾ. ಎಡಗಡೆ ಬಾಗಿಲ ಪಕ್ಕ ಹುಡುಗ. ನಡುವೆ ನಾನು, ತೊಡೆಯ ಮೇಲೆ ಗ್ಲೋಬು. ಅದು ತಗ್ಗಾಗಿದ್ದು ಶಾಂತಸಾಗರದ ಹತ್ತಿರ. ಮಾಲೀಕರಿಗೆ ಬರೀ ನೀರಿಗೆ ಪೆಟ್ಟಾಗಿದೆ ಎಂದು ಹೇಳಬಹುದು ಎಂದು ಲೆಕ್ಕ ಹಾಕಿದೆ. ಬೆರಳು ಬಾತು ಒಂದು ಸಣ್ಣ ಬಾಳೆಕಾಯಿಯಷ್ಟಾಗಿತ್ತು.

ಅದಿರಿನ ಲಾರಿಗಳ ಸಾಲಿನಲ್ಲಿ ಕಾಕಾ ಜಾಗ ಹುಡುಕಿ ನುಗ್ಗಿಸಿದ. “ಠಾಣೆಗೆ ಎಷ್ಟು ಹೊತ್ತಲೇ ಲೆಕ್ಕಗಾರ?” ಎಂದ. ಅವನ ಮಟ್ಟಿಗೆ ಅದು ಕ್ಷಮೆ ಕೇಳಿದಂತೆ ಇರಬೇಕು.

ನನ್ನ ಕಣ್ಣು ಎಡಕ್ಕಿತ್ತು. ಬಲಗಡೆ ಕಾಕಾ ಕ್ಲಚ್ ತುಳಿದು ಗೇರ್ ಬದಲಿಸಿದಾಗಲೆಲ್ಲ, ನನ್ನ ಎಡಗಡೆ ಕಿಟಕಿಯಾಚೆ ನೋಡುತ್ತಿದ್ದ ಹುಡುಗನ ಪ್ಲಾಸ್ಟರ್ ಕೈ ಅವನಿಗೇ ಗೊತ್ತಿಲ್ಲದಂತೆ ತೊಡೆಯ ಮೇಲಿಂದ ಒಂದಿಂಚು ಎದ್ದು, ಮುಂದಕ್ಕೆ ಸರಿದು, ಹಿಡಿಯಲು ಏನೂ ಸಿಗದೆ ಮತ್ತೆ ಕೆಳಗೆ ಕೂರುತ್ತಿತ್ತು.